ಉಲ್ಟಾ ಹೊಲಿಗಿ

ಜಗದೇವಿ ಬಂದಿದ್ದು ಮೇ ತಿಂಗಳ ಮಟಮಟ ಮಧ್ಯಾಹ್ನ.
ಶಹಾಬಾದದ ಬಿಸಿಲು ಗೊತ್ತಲ್ಲ ನಿಮಗ,
ಫರಸಿ ಖಣಿಯಿಂದ ಎದ್ದು ಬಂದು ಬಾಗಲಾ ಬಡೀತದ.
ಕೈಚೀಲದಾಗ ನಾಕು ಅಂಗಿ, ತಿಳಿನೀಲಿ, ಸಾಲೀವು.
ನಾಕೂ ಹೊಸಾವು. ನಾಕೂ ಹರದಾವು,
ಕೊಳ್ಳಿನ ಹತ್ತರ, ಒಂದೇ ಕಡಿ.

"ಚಾಚಾ, ಉಲ್ಟಾ ಹೊಲದು ಕೊಡ್ತೀರೇನು?
ಹೊಲಿಗಿ ಹೊರಗ, ನುಣುಪು ಒಳಗ."

ನಾ ನಕ್ಕೆ.
ಹೊಲಿಗಿ ಕಾಣಬಾರದು, ಅದೇ ದರ್ಜಿ ಮರ್ಯಾದಿ ಅಂತ
ಉಸ್ತಾದ್ ಗಜಕಡ್ಡೀಲೆ ಹೊಡದು ಕಲಿಸಿದ್ದು.

ಅಕಿ ನಗಲಿಲ್ಲ.
ಹೊರಗ ಬೇವಿನ ನೆರಳಾಗ ಹುಡುಗ ನಿಂತಿದ್ದ,
ಎರಡೂ ಕಿವಿಗೆ ಅಂಗೈ ಒತ್ತಿ.
ಒಳಗ ನನ್ನ ಮಶೀನು ಕಟಕಟ ಕಟಕಟ.
ನಿಲ್ಲಿಸಿದೆ.
ಅಂಗೈ ಒಂಚೂರು ಸಡಲಾತು.
ಕೂಲರ್ ಆರಿಸಿದೆ. ನನಗ ಬೆವರು ಕಿತ್ತಿತು.
ಅವ ಒಂದು ಹೆಜ್ಜಿ ಒಳಗ ಇಟ್ಟ.

ರೇವಣಸಿದ್ದ ಅಂತ ಹೆಸರು. ಮಾತು ಕಡಿಮಿ.
ಫರಸಿ ಮ್ಯಾಲ ಬೋರಲ ಬಿದ್ದು ಗಲ್ಲ ಹಚ್ಚಿದ,
ತಂಪು ಕುಡಿಯೋರಾಂಗ ಕಣ್ಣು ಮುಚ್ಚಿದ.
ಅರವತ್ತು ವರ್ಷ ಇದೇ ಕಲ್ಲಿನ ಮ್ಯಾಲ ನಡದೀನಿ,
ಒಮ್ಮಿನೂ ಗಲ್ಲ ಹಚ್ಚಿ ನೋಡಿದಾಂವ ಅಲ್ಲ.

"ಹಟ ಅಂತಾರ ಸಾಲ್ಯಾಗ.
ಎರಡು ಬಿಗಿ, ನೆಟ್ಟಗಾಗ್ತಾನ ಅಂತಾನ ಮೈದುನ.
ಅತ್ತಿ ತಾಯತ ಕಟ್ಟಸಿದ್ರು.
ಆ ದಾರಾನೂ ಕಡೀತದ ಚಾಚಾ, ಕಿತ್ತು ಒಗದ.
ಹಟ ಅಲ್ಲ, ಖರೇನೇ ನೋಯ್ತದ
ಅಂದವರು ಕಲಬುರಗಿ ಡಾಕ್ಟರ್ ಬಾಯಿ ಒಬ್ಬರೇ."

ರಾತ್ರಿ ಅಂಗಡಿ ಮುಚ್ಚಿದ ಮ್ಯಾಲ
ಅಂಥಾದೇ ಒಂದು ಲೇಬಲ್ಲು ನನ್ನ ಅಂಗಿ ಕೊಳ್ಳಿಗೆ ಹಚ್ಚಿ ತೊಟಗೊಂಡೆ.
ಇರುವಿ ಹರದಾಂಗ ಆತು.
ಹತ್ತು ನಿಮಿಷಕ್ಕ ಮರತೇಬಿಟ್ಟೆ.
ಆವಾಗ ತಿಳೀತು:
ಮರೆಯೋದು ನನ್ನ ಚರ್ಮಕ್ಕ ಬರ್ತದ,
ಅವನ ಚರ್ಮಕ್ಕ ಬರಾಂಗಿಲ್ಲ.

ಟೇಪು ಮುಟ್ಟಸಗೊಡಲಿಲ್ಲ.
ಮಲಗಿದಾಂವನ ಸುತ್ತ ಗೇಣು ದೂರ ಬಿಟ್ಟು
ಚಾಕ್ ಎಳದೆ ಫರಸಿ ಮ್ಯಾಲ.
ಎದ್ದು ಹೋದ ಮ್ಯಾಲ ನೆಲದಾಗ ಒಬ್ಬ ಹುಡುಗ ಉಳದಿದ್ದ,
ಅವನ ಅಳತಿ ತಗೊಂಡೆ.
ಕಾಲರಿನ ಬಕ್ರಮ್ ತಗದೆ. ಲೇಬಲ್ಲು ಬ್ಲೇಡೀಲೆ ಬಿಚ್ಚಿದೆ, ಎಳಿ ಎಳಿ.
ಬಟ್ಟಿ ಒಂಬತ್ತು ಸಲ ಒಗಸಿದೆ, ಗಂಜಿ ಇಲ್ಲ, ನೀಲಿ ಇಲ್ಲ.
"ಹೊಸ ಅಂಗೀನ ಹಳೇದು ಮಾಡ್ಲಿಕ್ಕ ಪಗಾರ ಕೊಡ್ತಾರೇನು"
ಅಂದಳು ನನ್ನ ಹೆಂಡತಿ, ಹಿಂಡಿ ಹಿಂಡಿ ಕೈ ಸೋತು.

ಹೆಡ್ ಮಾಸ್ತರು ತಡದರಂತ ಗೇಟಿನಾಗ,
"ಏನಮ್ಮಾ ಇದು, ಉಲ್ಟಾ?"
"ನಿಮ್ಮ ಕಡಿಂದ ಉಲ್ಟಾ ಸರ್. ಅವ ಒಳಗ ಅದಾನ."

ಮೊದಲ ದಿನ ಅರ್ಧ ತಾಸು ಮೈಮ್ಯಾಲ ಇತ್ತು.
ಆಮ್ಯಾಲ ಊಟದ ಗಂಟಿ ತನಕ.
ಗಂಟಿ ಬಾರಿಸಿದ್ರ ಮತ್ತ ಕಿವಿ ಮುಚ್ಚತಾನ,
ಅದಕ್ಕ ನನ್ನ ಹತ್ತರ ದಾರ ಇಲ್ಲ.

ಇಷ್ಟೇ ಆಗಿದ್ರ ಹೇಳತಿದ್ದಿಲ್ಲ ನಿಮಗ.

ಅಂಗಡಿ ಹಿಂದಿನ ಖೋಲ್ಯಾಗ ನನ್ನ ತಮ್ಮ ಲತೀಫ ಅದಾನ.
ಐವತ್ತೆರಡು. ಗುಂಡಿ ಆರಸ್ತಾನ, ಬಣ್ಣಕ್ಕೊಂದು ಡಬ್ಬಿ,
ಒಂದೂ ತಪ್ಪಾಂಗಿಲ್ಲ.
ನಾ ಹೊಲದ ಮೊದಲನೇ ಕುರ್ತಾ ಅವಂದು, ಈದಿಗೆ, ಜರಿ ಕಾಲರು.
ನಮಾಜಿಗಿಂತ ಮೊದಲೇ ಹರದ ಹಾಕಿದ.
ಹೊಡದೆ.
ಅವ ದಿನಾ ಮುಂಜಾನಿ ಬನಿಯನ್ ಉಲ್ಟಾ ಹಾಕ್ಕೊತಾನ.
ನಲವತ್ತು ವರ್ಷ, ದಿನಾ ಮುಂಜಾನಿ, ಮಂದಿ ನೋಡ್ತಾರಂತ
ನಾನೇ ಬಿಚ್ಚಿ, ತಿರುವಿ, ಸುಲ್ಟಾ ಹಾಕಸ್ತಿದ್ದೆ.
ಯಾಕಂತ ಕೇಳಿದ್ದಿಲ್ಲ. ದರ್ಜಿ ನಾನು.

ಇವತ್ತು ಮುಂಜಾನಿ ಬಂದು ನನ್ನ ಮುಂದ ನಿಂತ,
ರೂಢಿಯಂಗ ಎರಡೂ ತೋಳು ಮ್ಯಾಲ ಎತ್ತಿ.
"ಇರಲಿ ಬಿಡೋ" ಅಂದೆ.

ತೋಳು ಇಳಿಸಲಿಲ್ಲ ಅವ.
ಭಾಳ ಹೊತ್ತು ಹಾಂಗೇ ನಿಂತಿದ್ದ.